ನಮ್ಮನಿ ಡಾಕ್ಟ್ರಿಗೆ ಬರೋದು ಬರೇ ಎಲುಬು

ನನ್ನ ತಮ್ಮಗ ಬೀದರ್ ವೆಟರ್ನರಿ ಕಾಲೇಜಿನ್ಯಾಗ ಸೀಟ್ ಸಿಕ್ಕಿದ್ದೇ ತಡ, ಗಂಗಾವತಿ ಕಡೆ ನಮ್ಮ ಹಳ್ಳ್ಯಾಗ ಅವನು ಆಗಲೇ ಡಾಕ್ಟ್ರು ಆಗಿಬಿಟ್ಟ. ಕೋರ್ಸ್ ಐದೂವರೆ ವರ್ಷದ್ದು, ಅದ್ರಾಗ ಕಡೀ ಒಂದು ವರ್ಷ ಇಂಟರ್ನ್‌ಶಿಪ್ ಅಂತ ನಾನು ಹೇಳಿದ್ರೂ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಕ್ಲಾಸ್ ನಡದಾಗ ಅವ ಫೋನ್ ಎತ್ತಂಗಿಲ್ಲ, ಹಂಗಾಗಿ ಎಲ್ಲಾರೂ ನನಗ ಹಚ್ಚತಾರ. ಪಗಾರ ಇಲ್ಲದ ರಿಸೆಪ್ಷನಿಸ್ಟ್ ನಾನು.

ಫಸ್ಟ್ ಇಯರ್ ಅಂದ್ರ ಬಹಳಷ್ಟು ಅನಾಟಮಿ, ಅಂದ್ರ ಪ್ರಾಣಿ ಮೈಯಾಗಿನ ಎಲುಬು, ಅಂಗಾಂಗದ ಪಾಠ. ರಜೆಗೆ ಬಂದಾಗ ಊಟಕ್ಕ ಕುಂತಲ್ಲೇ ಶುರು ಮಾಡಿದ, ಕುದುರಿಗೆ ಪಿತ್ತಕೋಶ ಇರಂಗಿಲ್ಲ, ಆಕಳಿಗೆ ಹೊಟ್ಟ್ಯಾಗ ನಾಕು ಭಾಗ ಇರತಾವ, ಆಡಿಗೆ ಮ್ಯಾಲಿನ ಮುಂದಿನ ಹಲ್ಲೇ ಇರಂಗಿಲ್ಲ ಗೊತ್ತೇನು ಅಂತ. ಅಜ್ಜಿ ರೊಟ್ಟಿ ಮುರಕೊಂತ ಅಂದ್ಲು, "ಇದನ್ನ ಕಲಿಯಾಕ ಬೀದರ್ ತನ ಹೋಗಬೇಕಿತ್ತೇನೋ? ನನ್ನ ಕೇಳಿದ್ರ ಹಿತ್ತಲದಾಗ ಆಡಿನ ಬಾಯಿ ತಗದು ತೋರಸ್ತಿದ್ದೆ."

ಆಮ್ಯಾಲೆ ಒಂದಿನ ಮುಂಜಾನೆ ಹಿಂದಿನ ಮನಿ ಕಾಕಾನ ಆಡು ಮಲಗಿಬಿಟ್ಟಿತ್ತು. ಹೊಟ್ಟಿ ಎಡಕ್ಕ ಉಬ್ಬಿತ್ತು, ಹಲ್ಲು ಕಡೀತಿತ್ತು, ಮೆಲುಕು ಹಾಕೋದು ನಿಂತಿತ್ತು. ಕಾಕಾ ನೆಟ್ಟಗ ನನ್ನ ಕಡೆ ಬಂದು "ವಿಡಿಯೋ ಕಾಲ್ ಹಚ್ಚವ್ವಾ ಡಾಕ್ಟ್ರಿಗೆ" ಅಂದ. ಹಚ್ಚಿದೆ. ಹಾಸ್ಟೆಲಿನ್ಯಾಗ ಹಲ್ಲುಜ್ಜಿಕೊಂತ ನಿಂತಿದ್ದ ನಮ್ಮ ಡಾಕ್ಟ್ರು ಆಡು ನೋಡಿ, ಬಾಯಿ ಮುಕ್ಕಳಿಸಿ, ಅಂದಿದ್ದು ಇಷ್ಟು: "ಅಕ್ಕಾ, ನನಗ ಬರೋದು ಬರೇ ಎಲುಬು. ಎಲುಬು ಮುರದಿದ್ರ ಯಾವ ಎಲುಬು ಅಂತ ಹೆಸರು ಹೇಳ್ತೀನಿ, ಕೂಡ್ಸಾಕೂ ಬರಂಗಿಲ್ಲ. ಮೊದ್ಲು 1962ಕ್ಕ, ದನಕರುಗಳ ಆಂಬುಲೆನ್ಸ್ ನಂಬರಿಗೆ, ಫೋನ್ ಮಾಡು."

ಅಷ್ಟ್ರಾಗ ಕಾಕಾನ ಭಾವಮೈದ ಒಳ್ಳೆಣ್ಣಿ ತುಂಬಿದ ಗೊಟ್ಟ ಹಿಡಕೊಂಡು ರೆಡಿ ಆಗಿದ್ದ. ಫೋನಿನ್ಯಾಗಿಂದ ತಮ್ಮ ಚೀರಿದ ನೋಡ್ರಿ, "ನಾಲಿಗಿ ಎಳದು ಗೊಟ್ಟ ಹಾಕಬ್ಯಾಡ್ರೋ, ಎಣ್ಣಿ ಶ್ವಾಸಕೋಶಕ್ಕ ಹೊಕ್ಕರ ನ್ಯುಮೋನಿಯಾ ಆಗತೈತಿ!" ಭಾವಮೈದ ಮುಖ ಸಣ್ಣದು ಮಾಡಿಕೊಂಡು ಗೊಟ್ಟ ಕೆಳಗಿಟ್ಟ, ಇಷ್ಟು ವರ್ಷ ಹಾಕೀವಿ ಯಾವ ಆಡೂ ಕಂಪ್ಲೇಂಟ್ ಮಾಡಿಲ್ಲ ಅಂತ ಗೊಣಗಿದ. ಸತ್ತ ಆಡು ಯಾರ ಕಡೆ ಕಂಪ್ಲೇಂಟ್ ಮಾಡಬೇಕ್ರಿ?

1962ಕ್ಕ ನಾನೇ ಮಾತಾಡಿದೆ. ವಿಳಾಸ ಹೇಳೋದ್ರಾಗ ಅರ್ಧ ಜೀವ ಹೋತು, ಯಾಕಂದ್ರ ಹಿಂದ ನಿಂತ ಜನ ಒಬ್ಬ ಹನುಮಪ್ಪನ ಗುಡಿ ಹೇಳು ಅಂತಾನ, ಇನ್ನೊಬ್ಬ ಕಾಲುವಿ ದಾಟಿ ಎಡಕ್ಕ ಅಂತಾನ, ಮತ್ತೊಬ್ಬಾಕಿ "ನಮ್ಮ ಎಮ್ಮೀನೂ ಅದ ಗಾಡ್ಯಾಗ ಬರಕೋರಿ" ಅಂತಾಳ. ಗಾಡಿ ಅಂತೂ ಬಂತು. ಡಾಕ್ಟ್ರು, ಅವರ ಅಸಿಸ್ಟೆಂಟ್, ಡ್ರೈವರ್. ಇಡೀ ಓಣಿ ಸುತ್ತಗಟ್ಟಿತು.

"ಏನು ತಿಂದೈತಿ?" ಅಂತ ಕೇಳಿದ್ರ ಡಾಕ್ಟ್ರು. "ಏನಿಲ್ರಿ, ಒಂದು ಬೊಗಸಿ ನುಚ್ಚು" ಅಂದ ಕಾಕಾ. ಒಳಗಿಂದ ಕಾಕಿ, "ಬೊಗಸಿ ಅಲ್ರೀ ಸರ, ಚೀಲದ ಬಾಯಿ ಬಿಚ್ಚಿಟ್ಟು ಇವರು ಮಲಗಿದ್ರು, ಅರ್ಧ ಚೀಲ ಖಾಲಿ!" ಮಾತು ಬರದ ಪೇಷಂಟ್ ಸುಳ್ಳು ಹೇಳಂಗಿಲ್ಲ, ಮಾತು ಬರೋ ಮಾಲೀಕರದೇ ತ್ರಾಸು. ನುಚ್ಚು, ಹಿಟ್ಟು ಹಂಗ ಒಮ್ಮೆಗೇ ಹೊಟ್ಟೀಗೆ ಬಿದ್ರ ಒಳಗ ಹುಳಿ ಬಂದು ಆಸಿಡ್ ಆಗತೈತಂತ, ಅದು ರಕ್ತಕ್ಕ ಸೇರಿದ್ರ ಆಡು ಉಳಿಯೋದು ಕಷ್ಟ. ಭತ್ತದ ನಾಡಿನ್ಯಾಗ ಆಡು ನುಚ್ಚು ತಿಂದು ಮಲಗೋದೇನು ಆಶ್ಚರ್ಯ ಅಲ್ಲ ಬಿಡ್ರಿ, ಮನಿಗೊಂದು ಚೀಲ ಇದ್ದೇ ಇರತೈತಿ.

ಥರ್ಮಾಮೀಟರ್ ತಗದು ಬಾಲ ಎತ್ತಿದ ಕೂಡ್ಲೇ ಕಾಕಾ "ಅಲ್ಲಿ ಯಾಕ್ರಿ, ಬಾಯಾಗಿಡ್ರಿ" ಅಂತ ಅಡ್ಡ ಬಂದ. "ಅಗದು ನುಂಗಿದ್ರ ನೀವು ಕೊಡ್ತೀರೇನು ರೊಕ್ಕ?" ಅಂದ್ರು ಅವರು. 102 ಬಂತು. ಓಣಿ ಹೆಂಗಸರು "ಅಯ್ಯ ಶಿವನೇ, ಜ್ವರ!" ಅಂತ ಒಮ್ಮೆಲೇ ಉದ್ಗಾರ. ಆಡಿಗೆ ಅದು ನಾರ್ಮಲ್ ಅಂತ ಹೇಳಿ ಹೇಳಿ ಡಾಕ್ಟ್ರ ಗಂಟಲು ಒಣಗಿತು. ಆಮ್ಯಾಲೆ ಸೂಜಿ ಚುಚ್ಚಿದ್ರು, ಸೋಡಾ ಕಲಿಸಿ ನಳಿಗೀಲೆ ಹೊಟ್ಟೀಗೆ ಇಳಿಸಿದ್ರು. ಅಡಿಗಿ ಸೋಡಾನೇ ಔಷಧ ಅಂತ ಗೊತ್ತಾಗಿ ಕಾಕಿಗೆ ಸ್ವಲ್ಪ ನಿರಾಶೆ ಆತು, ಅಂಥಾ ದೊಡ್ಡ ಗಾಡಿ ಬಂದು ಮಿರ್ಚಿಭಜಿಗೆ ಹಾಕೋದನ್ನ ಹಾಕಿ ಹೋಗೋದಾ ಅಂತ.

ನಮ್ಮಜ್ಜಿ ಸುಮ್ನಿರ್ತಾಳೇನು. ಸೆರಗು ಸರಿ ಮಾಡಿಕೊಂಡು ಹೋಗಿ "ಸಾಹೇಬ್ರ, ನನ್ನ ಮೊಣಕಾಲಿಗೂ ಒಂದು ಸೂಜಿ ಹಾಕ್ರಿ" ಅಂದ್ಲು. ಅವರು ನಕ್ಕು "ಯವ್ವಾ, ನಿನಗ ಹಾಕಿದ್ರ ನನ್ನ ನೌಕರಿ ಹೋಗತೈತಿ" ಅಂದು ಗಾಡಿ ಹತ್ತಿದ್ರು.

ಸಂಜೀಗೆ ಆಡು ಎದ್ದು ನಿಂತಿತು. ಡಾಕ್ಟ್ರು ಬಂದಿದ್ದು, ನಳಿಗಿ ಇಳಿಸಿದ್ದು ಎಲ್ಲಾ ಮರೆತು ಕಾಕಾ ಚಾದ ಅಂಗಡ್ಯಾಗ ಹೇಳಿಕೊಂಡು ತಿರುಗಿದ, "ಹುಡುಗ ಬೀದರದಾಗ ಕುಂತು ಫೋನಿನ್ಯಾಗೇ ಉಳಿಸಿದ್ನಪಾ!" ಮುಗೀತು. ಈಗ ಕಾರಟಗಿ, ಕನಕಗಿರಿ, ಕುಷ್ಟಗಿ ಎಲ್ಲಾ ಕಡಿಂದ ನನಗ ಫೋನು. ನಿನ್ನೆ ಯಾರೋ ವಾಟ್ಸಾಪಿನ್ಯಾಗ ಎಮ್ಮಿ ಫೋಟೋ ಕಳಿಸಿ, ಗಬ್ಬ ಐತೋ ಇಲ್ಲೋ ಡಾಕ್ಟ್ರನ್ನ ಕೇಳಿ ಹೇಳವ್ವಾ ಅಂದ್ರು. ಫೋಟೋದಾಗ ಇದ್ದಿದ್ದು ಬರೇ ಎಮ್ಮಿ ಮುಖ.