ಪೇಟೆ ಮನೆಯಲ್ಲಿ ಕೋಳಿ ಸಾಕಬಹುದಾ? ಪರ - ವಿರೋಧ

ಪರ: ನಾಲ್ಕು ಕೋಳಿಗೆ ನಮ್ಮ ಊರಲ್ಲಿ ಜಾಗ ಇದೆ

ನಮ್ಮ ಹಿತ್ತಲಲ್ಲಿ ನಾಲ್ಕು ಕೋಳಿಗಳಿವೆ. ಎರಡು ನಾಟಿ, ಎರಡು ಗಿರಿರಾಜ. ಮನೆ ಇರುವುದು ಚಿಕ್ಕಬಳ್ಳಾಪುರದ ಹಳೇ ಬೀದಿಯೊಂದರಲ್ಲಿ. ಹಿಂದುಗಡೆ ಒಂದು ನುಗ್ಗೆ ಮರ, ಬಟ್ಟೆ ಒಗೆಯುವ ಕಲ್ಲು, ಬಚ್ಚಲ ನೀರು ಕುಡಿದು ಬೆಳೆದ ಬಾಳೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ನಾಲ್ಕೂ ಮೊದಲು ಓಡುವುದು ಬಾಳೆ ಬುಡಕ್ಕೇ. ಕೆದರುತ್ತವೆ, ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತವೆ, ಮತ್ತೆ ಕೆದರುತ್ತವೆ. ಮಧ್ಯಾಹ್ನ ಒಣಮಣ್ಣಲ್ಲಿ ಗುಂಡಿ ಮಾಡಿಕೊಂಡು ಹೊರಳಾಡಿ, ರೆಕ್ಕೆಯೊಳಗೆಲ್ಲ ಧೂಳು ತುಂಬಿಕೊಳ್ಳುತ್ತವೆ. ಹೇನು ಉದುರಿಸಿಕೊಳ್ಳಲು ಕೋಳಿ ಮಾಡುವ ಸ್ನಾನ ಅದು. ಸಂಜೆ ಬೆಳಕು ತಗ್ಗುತ್ತಿದ್ದ ಹಾಗೆ ಯಾರೂ ಕರೆಯದೆ ಗೂಡು ಹತ್ತುತ್ತವೆ.

ಪಂಜರದ ಕೋಳಿಗೆ ಇದರಲ್ಲಿ ಒಂದೂ ಇಲ್ಲ. ಅಂಗಡಿಯಿಂದ ನಾವು ಟ್ರೇ ಲೆಕ್ಕದಲ್ಲಿ ತರುವ ಬಿಳಿ ಮೊಟ್ಟೆ ಹೆಚ್ಚಾಗಿ ಬರುವುದು ತಂತಿ ಪಂಜರದಿಂದ. 2023ರಲ್ಲಿ ಕೇಂದ್ರ ಸರ್ಕಾರ ಮೊಟ್ಟೆ ಕೋಳಿಗಳಿಗಾಗಿ ಹೊಸ ನಿಯಮ ತಂದಿತು. ಒಂದು ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಕೊಡಬೇಕು ಅಂತ. ಝೆರಾಕ್ಸ್ ಅಂಗಡಿಯ ಒಂದು ಎ4 ಹಾಳೆ ತಗೊಂಡು ಅಳೆದು ನೋಡಿ, ಅದೇ 620 ದಾಟುತ್ತದೆ. ಅಂದರೆ ನಿಯಮ ಪಾಲಿಸಿದರೂ ಕೋಳಿಯ ಪಾಲಿಗೆ ಒಂದು ಹಾಳೆಯಷ್ಟು ಜಾಗ ಬರುವ ಖಾತ್ರಿ ಇಲ್ಲ. ಕಾಲ ಕೆಳಗೆ ಮಣ್ಣೂ ಇಲ್ಲ, ಮೊಟ್ಟೆ ಉರುಳಿ ಮುಂದಕ್ಕೆ ಬರಲಿ ಅಂತ ಇಳಿಜಾರು ಮಾಡಿದ ತಂತಿ. ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕಿ ಗಾಯ ಮಾಡದಿರಲಿ ಅಂತ ಮರಿ ಇದ್ದಾಗಲೇ ಕೊಕ್ಕಿನ ತುದಿ ಕತ್ತರಿಸುತ್ತಾರೆ. ಒಂದೂವರೆ ವರ್ಷ ಹೀಗೆ ಕಳೆದು, ಮೊಟ್ಟೆ ಕಡಿಮೆಯಾದ ಮೇಲೆ ಆ ಕೋಳಿ ಮಾಂಸದ ಲಾರಿ ಹತ್ತುತ್ತದೆ.

ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ನಮ್ಮಲ್ಲಿ ಗಾದೆ ಇದೆ. ಕೇಳುವುದು ಆಗಲಿಕ್ಕಿಲ್ಲ, ನೋಡುವುದು ಆಗುತ್ತದಲ್ವಾ? ಹತ್ತು ನಿಮಿಷ ಸುಮ್ನೆ ಹಿತ್ತಲಲ್ಲಿ ಕೂತರೆ ಸಾಕು, ಕೋಳಿಗೆ ಏನು ಬೇಕು ಅಂತ ಅದೇ ತೋರಿಸಿಕೊಡುತ್ತದೆ. ನಮ್ಮ ಮಕ್ಕಳಿಗೆ ಇದು ಗೊತ್ತಾಗಿದ್ದು ಈ ನಾಲ್ಕು ಕೋಳಿಗಳಿಂದ. ಈಗ ಅವರು ಅಂಗಡಿಯ ಮೊಟ್ಟೆ ಎಲ್ಲಿಂದ ಬರುತ್ತದೆ ಅಂತ ಕೇಳುತ್ತಾರೆ.

ನಮ್ಮ ಬೀದಿಯಲ್ಲಿ ಒಬ್ಬರು ನಗರಸಭೆಗೆ ದೂರು ಕೊಡುತ್ತೇನೆ ಅಂದರು. ಅವರ ಕಷ್ಟವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹುಂಜ ನಾಲ್ಕು ಗಂಟೆಗೇ ಕೂಗಿದರೆ ರಾತ್ರಿ ಪಾಳಿ ಮುಗಿಸಿ ಬಂದವರಿಗೆ ನಿದ್ದೆ ಎಲ್ಲಿ? ಆದರೆ ಮೊಟ್ಟೆ ಇಡಲು ಹುಂಜ ಬೇಕಾಗೇ ಇಲ್ಲ. ಮರಿ ಮಾಡಿಸಬೇಕಾದರೆ ಮಾತ್ರ ಬೇಕು. ನಾವು ನಮ್ಮ ಹುಂಜವನ್ನು ಊರಿಗೆ ಕಳಿಸಿಬಿಟ್ಟೆವು. ವಾಸನೆಯದ್ದೂ ಹಾಗೇ. ಗೂಡಿನೊಳಗೆ ಭತ್ತದ ಹೊಟ್ಟು ಹಾಸಿ, ಬೂದಿ ಉದುರಿಸಿ, ಎರಡು ದಿನಕ್ಕೊಮ್ಮೆ ಬಳಿದು ಗಿಡಕ್ಕೆ ಹಾಕಿದರೆ ಪಕ್ಕದ ಮನೆಗೆ ಗೊತ್ತೇ ಆಗಲ್ಲ.

ಹಿತ್ತಲ ಕೋಳಿ ಹಳೇ ಕಾಲದ ಚಾಳಿ ಅನ್ನುವವರು 2019ರ ಜಾನುವಾರು ಗಣತಿ ನೋಡಲಿ. ದೇಶದ 85 ಕೋಟಿ ಕೋಳಿ-ಬಾತುಗಳಲ್ಲಿ 31 ಕೋಟಿಗಿಂತ ಜಾಸ್ತಿ ಮನೆಗಳ ಹಿತ್ತಲಲ್ಲೇ ಇದ್ದವು. ಬೆಂಗಳೂರಿನ ಹೆಬ್ಬಾಳದಲ್ಲಿ ವಿಜ್ಞಾನಿಗಳು ಗಿರಿರಾಜ ತಳಿ ರೂಪಿಸಿದ್ದೇ ಹಿತ್ತಲಿಗಾಗಿ. ಎಷ್ಟು ಕೋಳಿ, ಪಕ್ಕದ ಗೋಡೆಯಿಂದ ಎಷ್ಟು ಅಡಿ ದೂರ, ಹುಂಜ ಇಲ್ಲ, ಬೀದಿಗೆ ಬಿಡುವ ಹಾಗಿಲ್ಲ, ಲಸಿಕೆ ಹಾಕಿಸಲೇಬೇಕು: ಇಷ್ಟನ್ನು ನಗರಸಭೆ ಬರೆದು ಕೊಡಲಿ. ನಾನು ಮೊದಲ ದಿನವೇ ಸಹಿ ಹಾಕುತ್ತೇನೆ.

ವಿರೋಧ: ಸಿಮೆಂಟಿನ ಮೇಲೆ ಕೋಳಿ ಬೇಡ

ಗೌರಿಬಿದನೂರು ಕಡೆಯ ಹಳ್ಳಿಯಲ್ಲಿ ಕೋಳಿಗಳ ನಡುವೆಯೇ ಬೆಳೆದವಳು ನಾನು. ಅಜ್ಜಿ ಕೋಳಿಯನ್ನು ಕಾವಿಗೆ ಕೂರಿಸಿದ ದಿನದಿಂದ 21 ದಿನ ಬೆರಳಲ್ಲಿ ಎಣಿಸುತ್ತಿದ್ದೆ. ಕೋಳಿ ಅಂದರೆ ಪ್ರೀತಿ ಇರುವುದರಿಂದಲೇ ಪೇಟೆಯಲ್ಲಿ ಬೇಡ ಅನ್ನುತ್ತೇನೆ.

ಬಾಳೆ ಬುಡ ಇರುವ ಹಿತ್ತಲು ಎಷ್ಟು ಮನೆಗಿದೆ? ನಾನಿರುವುದು ಮೂವತ್ತು-ನಲವತ್ತರ ಸೈಟುಗಳ ಬಡಾವಣೆ. ಗೇಟಿನಿಂದ ಸಂಪಿನವರೆಗೆ ಸಿಮೆಂಟು. ಹಕ್ಕು ಕೊಟ್ಟರೆ ಇಂಥ ಮನೆಗಳಿಗೂ ಕೊಟ್ಟ ಹಾಗೇ. ನಮ್ಮ ಪಕ್ಕದ ಮನೆಯವರು ಮಹಡಿ ಮೇಲೆ ತಗಡಿನ ಕೆಳಗೆ ಮೂರು ಕೋಳಿ ಸಾಕಿದ್ದಾರೆ. ಒಳ್ಳೆಯ ಜನ, ಕಾಳು ನೀರಿಗೆ ಕಡಿಮೆ ಮಾಡಿಲ್ಲ. ಆದರೆ ಏಪ್ರಿಲ್ ಬಿಸಿಲಲ್ಲಿ ಆ ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಇಳಿಬಿಟ್ಟು ಏದುಸಿರು ಬಿಡುತ್ತಾ ನಿಂತಿರುತ್ತವೆ. ಕೋಳಿಗೆ ಬೆವರು ಬರುವುದಿಲ್ಲ. ಹಳ್ಳಿಯಲ್ಲಾದರೆ ಹುಣಸೆ ಮರದ ಕೆಳಗೆ ಹೋಗಿ ಕೂರುತ್ತಿತ್ತು, ಇಲ್ಲಿ ಎಲ್ಲಿಗೆ ಹೋಗಬೇಕು? ಫಾರಂ ಪಂಜರ ಕ್ರೂರ ಅಂತ ಹೇಳಿ ನಾವೇ ಮನೆಗೊಂದು ಪಂಜರ ಕಟ್ಟಿದ ಹಾಗಾಯಿತು.

ಕಾಯಿಲೆ ವಿಚಾರ ಇನ್ನೂ ದೊಡ್ಡದು. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಕೇರಿಗೆ ಕೇರಿಯ ಕೋಳಿಗಳೇ ಸಾಯುತ್ತವೆ. ಅದಕ್ಕೆ ಲಸಿಕೆ ಇದೆ ನಿಜ. ಆದರೆ ಸಾಮಾನ್ಯವಾಗಿ ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ತಣ್ಣಗಿಟ್ಟುಕೊಂಡು ಬೇಗ ಮುಗಿಸಬೇಕು. ನಾಲ್ಕು ಕೋಳಿಗೋಸ್ಕರ ಯಾರು ಒಂದು ಸೀಸೆ ತರುತ್ತಾರೆ? ಹಳ್ಳಿಯಲ್ಲಿ ಒಂದೇ ದಿನ ಎಲ್ಲರ ಕೋಳಿಗೂ ಹಾಕಿಸಬಹುದು. ಬಡಾವಣೆಯಲ್ಲಿ ಯಾರ ಮನೆಯಲ್ಲಿ ಕೋಳಿ ಇದೆ ಅನ್ನುವುದೇ ಗೊತ್ತಿರುವುದಿಲ್ಲ.

2025ರ ಫೆಬ್ರವರಿ ಕೊನೆಯಲ್ಲಿ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಆದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಮನೆಗಳಲ್ಲಿ ಸಾಕಿದ್ದ ಕೋಳಿಗಳು ಸತ್ತವು. ಹಕ್ಕಿ ಜ್ವರ ಅಂತ ಖಚಿತವಾಯಿತು. ಆಮೇಲೆ ಊರಿನಲ್ಲಿ ಉಳಿದ ಕೋಳಿಗಳನ್ನೂ ಕೊಲ್ಲಬೇಕಾಯಿತು. ರೋಗ ಕಂಡ ಜಾಗದ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನು ಉಳಿಸುವ ಹಾಗಿಲ್ಲ. ಕಾಯಿಲೆ ಇದ್ದದ್ದು, ಇಲ್ಲದ್ದು, ಮಕ್ಕಳು ಹೆಸರಿಟ್ಟು ಸಾಕಿದ್ದು, ಎಲ್ಲವೂ ಹೋಗುತ್ತದೆ. ಪೇಟೆಯಲ್ಲಿ ಒಂದು ಕಿಲೋಮೀಟರ್ ಅಂದರೆ ಎಷ್ಟು ಬೀದಿ, ಎಷ್ಟು ಮನೆ! ಮನೆ ಮನೆಗೆ ಹೋಗಿ ಮಕ್ಕಳ ಕೈಯಿಂದ ಕೋಳಿ ಇಸಿದುಕೊಳ್ಳುವ ಕೆಲಸ ಯಾರಿಗೆ ಬೇಕು?

ಮೊಟ್ಟೆ ನಿಂತ ಮೇಲಿನ ಮಾತನ್ನು ಸಾಕುವವರು ಹೇಳುವುದೇ ಇಲ್ಲ. ಎರಡು ವರ್ಷ ದಾಟಿದರೆ ಮೊಟ್ಟೆ ಕಡಿಮೆಯಾಗುತ್ತದೆ, ಕೋಳಿ ಮಾತ್ರ ಇನ್ನೂ ನಾಲ್ಕೈದು ವರ್ಷ ಬದುಕಬಲ್ಲದು. ಅಷ್ಟು ವರ್ಷ ಸುಮ್ನೆ ಕಾಳು ಹಾಕುತ್ತೀರಾ? ಬೀದಿ ಬದಿ ಬುಟ್ಟಿಯಲ್ಲಿ ಬಣ್ಣ ಬಳಿದು ಮಾರುವ ಮರಿಗಳನ್ನು ನೋಡಿದ್ದೀರಲ್ಲ. ಮಕ್ಕಳು ಅತ್ತರು ಅಂತ ತರುತ್ತಾರೆ, ವಾರದಲ್ಲಿ ಮರಿ ಸಾಯುತ್ತದೆ. ಕೋಳಿ ಸಾಕಲು ಎಲ್ಲರಿಗೂ ಬರುತ್ತದೆ ಅಂತ ನನಗೆ ನಂಬಿಕೆ ಇಲ್ಲ.

ಪಂಜರದ ಕೋಳಿಯ ಬಗ್ಗೆ ಎದುರಿನವರು ಹೇಳಿದ ಒಂದೊಂದು ಮಾತನ್ನೂ ಒಪ್ಪುತ್ತೇನೆ. ಓಡಾಡಲು ಆಗದಷ್ಟು ಚಿಕ್ಕ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ ಅಂತ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಹೇಳುತ್ತದೆ. ಯುರೋಪ್ ಒಕ್ಕೂಟದ ದೇಶಗಳು ಹಳೇ ಬಗೆಯ ಪಂಜರವನ್ನು 2012ರಿಂದ ನಿಲ್ಲಿಸಿವೆ. ನಮ್ಮಲ್ಲೂ ನಿಲ್ಲಿಸಿ ಅಂತ ಕೇಳೋಣ, ನಾನೂ ಜೊತೆಗೆ ಬರುತ್ತೇನೆ. ಆದರೆ ನಾಲ್ಕು ಕೋಳಿ ಹಿತ್ತಲಿಗೆ ಬಂದರೆ ಫಾರಂನ ಒಂದು ಪಂಜರವೂ ತೆರೆಯುವುದಿಲ್ಲ. ನಾಟಿ ಮೊಟ್ಟೆ ಬೇಕೆಂದರೆ ನಮ್ಮೂರಿನ ಸುತ್ತ ಹಳ್ಳಿಗಳಿವೆ. ಸಂತೆಗೆ ಬುಟ್ಟಿ ತರುವ ಹೆಂಗಸರಿಂದ, ಅವರು ಹೇಳಿದ ಬೆಲೆಗೆ ಕೊಳ್ಳಿ. ಅವರ ಕೋಳಿಗೆ ತಿಪ್ಪೆ ಇದೆ, ಬೇಲಿ ಇದೆ, ಮರ ಇದೆ.

ಹೋದ ವಾರ ಪಕ್ಕದ ಮನೆಯ ಒಂದು ಕೋಳಿ ತಪ್ಪಿಸಿಕೊಂಡು ನಮ್ಮ ಮಹಡಿಗೆ ಹಾರಿತ್ತು. ನಾನು ಹೋಗಿ ನೋಡುವಷ್ಟರಲ್ಲಿ ತುಳಸಿ ಪಕ್ಕದ ಕುಂಡ ಉರುಳಿಸಿತ್ತು. ಚೆಲ್ಲಿದ ಒಂದು ಬೊಗಸೆ ಮಣ್ಣಲ್ಲಿ ಕಣ್ಣು ಮುಚ್ಚಿ ಹೊರಳುತ್ತಿತ್ತು. ಪೊರಕೆ ಹಿಡಿದು ಬಂದವಳು ಗೋಡೆಗೆ ಒರಗಿಸಿ ಕೆಳಗಿಳಿದೆ. ಮಣ್ಣನ್ನು ಸಂಜೆ ಬಳಿದೆ.