ತಿನ್ನಿಸುವ ಕೈಗಳು ಕಲಿಸಬೇಕಾದದ್ದು

ಶಿಕಾಗೋದಲ್ಲಿ ನಾವಿರುವ ಬಡಾವಣೆಯ ಹತ್ತಿರ ಬೌದ್ಧಿಕ ಅಂಗವೈಕಲ್ಯವುಳ್ಳ ವಯಸ್ಕರು ಹಗಲು ಹೊತ್ತು ಸೇರುವ ಒಂದು ಕೇಂದ್ರವಿದೆ. ವಾರಕ್ಕೊಂದು ಮಧ್ಯಾಹ್ನ ನಾನು ಅಲ್ಲಿಗೆ ಸ್ವಯಂಸೇವಕನಾಗಿ ಹೋಗುತ್ತೇನೆ. ಮೊದಲ ದಿನವೇ ಕಂಡ ಒಂದು ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಐವತ್ತರ ಆಸುಪಾಸಿನ, ಡೌನ್ ಸಿಂಡ್ರೋಮ್ (ಬುದ್ಧಿಯ ಬೆಳವಣಿಗೆಯನ್ನು ನಿಧಾನಗೊಳಿಸುವ, ಹುಟ್ಟಿನಿಂದಲೇ ಬರುವ ಸ್ಥಿತಿ) ಇರುವ ಒಬ್ಬರು ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ತುಟಿಯಲ್ಲೇ ಎಣಿಸುತ್ತ, ತಮ್ಮ ನಾಡಿಯನ್ನು ತಾವೇ ನೋಡಿಕೊಳ್ಳುತ್ತಿದ್ದರು. ಎಣಿಕೆ ನಡುವೆ ತಪ್ಪಿತು. ಪಕ್ಕದಲ್ಲಿದ್ದ ಕಾರ್ಯಕರ್ತೆ ಗಡಿಯಾರವನ್ನು ಮತ್ತೆ ಸೊನ್ನೆಗೆ ತಂದು ಸುಮ್ಮನೆ ಕಾದರು. ಮೂರನೆಯ ಸಲಕ್ಕೆ ಲೆಕ್ಕ ಸಿಕ್ಕಿತು, ಅವರು ಅದನ್ನು ತಮ್ಮ ಪುಸ್ತಕದಲ್ಲಿ ದಪ್ಪ ಅಂಕೆಗಳಲ್ಲಿ ಬರೆದುಕೊಂಡರು.

ಆಗ ನೆನಪಾದವನು ತಿಪಟೂರಿನ ಕಡೆಯ ನಮ್ಮೂರಿನಲ್ಲಿರುವ ಚಿಕ್ಕಮ್ಮನ ಮಗ. ಅವನಿಗೀಗ ಮೂವತ್ತನಾಲ್ಕು ವರ್ಷ. ಇವತ್ತಿಗೂ ಅವನಿಗೆ ಅನ್ನ ಕಲಸಿ ಕೊಡುವುದು, ಹಲ್ಲುಜ್ಜಿಸುವುದು, ಸ್ನಾನ ಮಾಡಿಸುವುದು ಎಲ್ಲವೂ ಚಿಕ್ಕಮ್ಮನೇ. ಆ ತಾಯಿಯ ಜೀವ ಸವೆದದ್ದೇ ಅವನಿಗಾಗಿ. ಆದರೆ ತನ್ನ ಮೈಯಲ್ಲಿ ಏನಾಗುತ್ತಿದೆ ಎಂಬುದನ್ನು ಗಮನಿಸಲು ಆ ಹುಡುಗನಿಗೆ ನಾವು ಯಾರೂ ಎಂದೂ ಕಲಿಸಲಿಲ್ಲ.

ಕೇಂದ್ರದಲ್ಲಿ ನಾನು ಕಂಡದ್ದರ ಹಿಂದೆ ದೀರ್ಘ ಕಾಲದ ಸಂಶೋಧನೆಯಿದೆ. ಇಲ್ಲಿನ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ವೃತ್ತಿಯಿಂದ ದಾದಿಯಾಗಿದ್ದು ವಿದ್ವಾಂಸೆಯಾದ ಬೆತ್ ಮಾರ್ಕ್ಸ್, ಯಾಸ್ಮಿನಾ ಸಿಸಿರಾಕ್ ಮತ್ತು ಟಮಾರ್ ಹೆಲ್ಲರ್ ಅವರೊಂದಿಗೆ ಸೇರಿ ಬೌದ್ಧಿಕ ಅಂಗವೈಕಲ್ಯವುಳ್ಳವರಿಗಾಗಿ ವ್ಯಾಯಾಮ ಮತ್ತು ಆಹಾರದ ಒಂದು ಪಠ್ಯಕ್ರಮವನ್ನು ರೂಪಿಸಿದರು. 'ಹೆಲ್ತ್ ಮ್ಯಾಟರ್ಸ್' ಎಂಬ ಹೆಸರಿನ ಈ ಪಠ್ಯ 2010ರಲ್ಲಿ ಪುಸ್ತಕವಾಗಿ ಬಂದಿತು. ಹನ್ನೆರಡು ವಾರ, ವಾರಕ್ಕೆ ಮೂರು ದಿನ ನಡೆಯುವ ಈ ತರಗತಿಗಳಲ್ಲಿ ಕಲಿಯುವವರು ತಮ್ಮ ಗುರಿಯನ್ನು ತಾವೇ ಗೊತ್ತುಮಾಡಿಕೊಳ್ಳುತ್ತಾರೆ. ಇದನ್ನು ಕಲಿಸಲು ತಜ್ಞರೇ ಬರಬೇಕಿಲ್ಲ, ದಿನವೂ ಅವರ ಜೊತೆಗಿರುವ ಸಾಮಾನ್ಯ ಸಿಬ್ಬಂದಿಗೆ ತರಬೇತಿ ಕೊಟ್ಟರೆ ಸಾಕು ಎಂಬುದು ಮಾರ್ಕ್ಸ್ ಅವರ ನಂಬಿಕೆ. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಹಾಗೆ ಸಿಬ್ಬಂದಿಯಿಂದಲೇ ಪಾಠ ಕಲಿತವರ ದೇಹದಾರ್ಢ್ಯವೂ ಆಹಾರದ ತಿಳಿವಳಿಕೆಯೂ ಹೆಚ್ಚಿದ್ದಲ್ಲದೆ, ವ್ಯಾಯಾಮ ತನ್ನ ಕೈಲಾಗುತ್ತದೆ ಎಂಬ ಧೈರ್ಯವೂ ಬೆಳೆದದ್ದು ಕಂಡುಬಂತು. ನನ್ನ ಮಟ್ಟಿಗೆ ಆ ಧೈರ್ಯವೇ ಎಲ್ಲಕ್ಕಿಂತ ದೊಡ್ಡ ಫಲ.

ಈ ದೇಶವೂ ಇದನ್ನೆಲ್ಲ ಹುಟ್ಟಿನಿಂದಲೇ ಬಲ್ಲದ್ದಲ್ಲ. 1968ರ ಜುಲೈನಲ್ಲಿ ಇದೇ ಶಿಕಾಗೋದ ಸೋಲ್ಜರ್ ಫೀಲ್ಡ್ ಮೈದಾನದಲ್ಲಿ ಮೊದಲ ವಿಶೇಷ ಒಲಿಂಪಿಕ್ಸ್ ನಡೆದಾಗ, ಇಂಥವರು ಓಡಬಲ್ಲರು, ಈಜಬಲ್ಲರು ಎಂಬುದನ್ನೇ ಅನೇಕರು ನಂಬಿರಲಿಲ್ಲ. 1983ರಲ್ಲಿ ಅಮೆರಿಕದಲ್ಲಿ ಡೌನ್ ಸಿಂಡ್ರೋಮ್ ಇದ್ದವರು ಸಾಯುವ ಸರಾಸರಿ ವಯಸ್ಸು 25ರ ಸುತ್ತಮುತ್ತ ಇತ್ತು, 1997ರ ವೇಳೆಗೆ ಅದು 49ಕ್ಕೆ ಏರಿತು. ಹೃದಯದ ಶಸ್ತ್ರಚಿಕಿತ್ಸೆ ಸಿಗತೊಡಗಿದ್ದು, ಅವರನ್ನು ದೊಡ್ಡ ಸಂಸ್ಥೆಗಳಲ್ಲಿ ಕೂಡಿಹಾಕುವುದು ಕಡಿಮೆಯಾದದ್ದು ಇದಕ್ಕೆ ಮುಖ್ಯ ಕಾರಣಗಳು. ಹೀಗೆ ಆಯುಸ್ಸು ಹೆಚ್ಚಿದ ಮೇಲೆ ತೂಕ, ಸಕ್ಕರೆ ಕಾಯಿಲೆ, ಥೈರಾಯ್ಡ್, ಹಲ್ಲಿನ ತೊಂದರೆಗಳ ಪ್ರಶ್ನೆಗಳು ಎದುರಾದವು. ನಮ್ಮ ನಾಡಿನಲ್ಲೂ ಈ ಮಕ್ಕಳು ಈಗ ದೊಡ್ಡವರಾಗುತ್ತಿದ್ದಾರೆ, ನಡುವಯಸ್ಸು ಮುಟ್ಟುತ್ತಿದ್ದಾರೆ. ಆದ್ದರಿಂದ ಈ ಪ್ರಶ್ನೆಗಳು ನಮ್ಮವೂ ಹೌದು.

ಐದು ವರ್ಷಗಳ ಹಿಂದೆ ನಾನು ಊರಿಗೆ ಹೋಗಿದ್ದಾಗ ಚಿಕ್ಕಮ್ಮನ ಮಗ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದ, ಊಟ ಬಿಟ್ಟಿದ್ದ. ತೋರಿಸಿದ ವೈದ್ಯರು ಅವನ ಮುಖವನ್ನು ಒಮ್ಮೆ ನೋಡಿ, "ಇಂಥ ಮಕ್ಕಳು ಹೀಗೇ ಮಾಡೋದು" ಎಂದು ನಿದ್ದೆಯ ಮಾತ್ರೆ ಬರೆದುಕೊಟ್ಟರು. ಮೂರು ವಾರಗಳ ಬಳಿಕ ಇನ್ನೊಬ್ಬರು ಬಾಯಿ ತೆರೆಸಿ ನೋಡಿದಾಗ ದವಡೆ ಹಲ್ಲೊಂದು ಕೊಳೆತು ಕೀವು ತುಂಬಿತ್ತು. ರೋಗದ ಲಕ್ಷಣವನ್ನು ಅಂಗವೈಕಲ್ಯದ ಖಾತೆಗೆ ಬರೆದು ಕೈತೊಳೆದುಕೊಳ್ಳುವ ಈ ತಪ್ಪು ಅಮೆರಿಕದಲ್ಲೂ ನಡೆಯುತ್ತದೆ. ಆದರೆ ನೋವಿರುವ ಜಾಗವನ್ನು ಬೆರಳಿಟ್ಟು ತೋರಿಸಲು ಆ ಹುಡುಗನಿಗೆ ಬಂದಿದ್ದರೆ, ಚಿತ್ರ ನೋಡಿ 'ಇಲ್ಲಿ' ಎನ್ನಲು ಯಾರಾದರೂ ಹೇಳಿಕೊಟ್ಟಿದ್ದರೆ, ಆ ಮೂರು ವಾರಗಳ ನರಳಾಟ ತಪ್ಪುತ್ತಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಹಾಗೆಂದು ಇಲ್ಲಿಯದೆಲ್ಲ ಮೇಲು ಎಂದು ನಾನು ಹೇಳಲಾರೆ. ನಾಡಿ ಎಣಿಸಿಕೊಂಡ ಆ ವ್ಯಕ್ತಿ ಸಂಜೆ ಹಿಂದಿರುಗುವುದು ಮೂರು ಜನ ಅಪರಿಚಿತರೊಂದಿಗೆ ಹಂಚಿಕೊಂಡಿರುವ ಒಂದು ಮನೆಗೆ. ಕಡಿಮೆ ಸಂಬಳದ ಸಿಬ್ಬಂದಿ ಅಲ್ಲಿ ಪದೇ ಪದೇ ಬದಲಾಗುತ್ತಾರೆ, ಅವರ ಇಷ್ಟಾನಿಷ್ಟ ತಿಳಿದವರು ಬಿಟ್ಟುಹೋದಾಗ ಎಲ್ಲವೂ ಮೊದಲಿನಿಂದ ಶುರುವಾಗಬೇಕು. ನಮ್ಮ ಹುಡುಗನಾದರೋ ಊರಿನ ಯಾವ ಜಗಲಿಯ ಮೇಲೆ ಕೂತರೂ ಹೆಸರು ಹಿಡಿದು ಮಾತಾಡಿಸುವವರಿದ್ದಾರೆ, ಮದುವೆಯ ಮನೆಯಲ್ಲಿ ಅವನಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕುತ್ತಾರೆ. 'ಪಾಪ' ಎಂದು ಎರಡು ಹೋಳಿಗೆ ಹೆಚ್ಚಿಗೆ ಬಡಿಸುವವರೂ ಅವರೇ.

ನಮ್ಮ ದೇಶದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 25ನೇ ಪ್ರಕರಣ ಆರೋಗ್ಯ ಸೇವೆಯ ಮಾತನ್ನು ಆಡುತ್ತದೆ ನಿಜ. ಆದರೆ ಆರೋಗ್ಯ ವರ್ಧನೆಯ ವಿಷಯಕ್ಕೆ ಬಂದಾಗ ಅದು ಹೆಚ್ಚಾಗಿ ವಿವರಿಸುವುದು ಅಂಗವೈಕಲ್ಯ ಬಾರದಂತೆ ತಡೆಯುವ ಕ್ರಮಗಳನ್ನು. ಅಂಗವೈಕಲ್ಯದೊಂದಿಗೇ ಬದುಕುತ್ತಿರುವ ವಯಸ್ಕನ ನಡಿಗೆ, ಹಲ್ಲು, ತೂಕದ ಬಗ್ಗೆ ಅಷ್ಟು ಕಾಳಜಿ ಅಲ್ಲಿ ಕಾಣುವುದಿಲ್ಲ. ನಿರಾಮಯ ಯೋಜನೆಯಡಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಸಿಗುತ್ತದಾದರೂ, ಕಾಯಿಲೆ ಬಿದ್ದ ಮೇಲೆ ಖರ್ಚು ತುಂಬುವುದೇ ಒಂದು, ಬೀಳದಂತೆ ಬದುಕಲು ಕಲಿಸುವುದೇ ಇನ್ನೊಂದು.

ಕಲಿಸುವ ಜನ ಕರ್ನಾಟಕದಲ್ಲಿ ಇಲ್ಲದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು. ಮಾಸಾಶನದ ಅರ್ಜಿ, ಗುರುತಿನ ಚೀಟಿಗಳ ಓಡಾಟದಲ್ಲೇ ಅವರ ದಿನ ಮುಗಿಯುತ್ತದೆ. ಆಶಾ ಕಾರ್ಯಕರ್ತೆಯರೊಂದಿಗೆ ಅವರಿಗೂ ಹತ್ತಾರು ಚಿತ್ರಗಳಿರುವ ಒಂದು ಕನ್ನಡ ಪುಸ್ತಕವನ್ನೂ ನಾಲ್ಕಾರು ದಿನಗಳ ತರಬೇತಿಯನ್ನೂ ಕೊಟ್ಟರೆ, ಅದಕ್ಕೆ ತಕ್ಕ ಗೌರವಧನ ಸೇರಿಸಿದರೆ, ಮಾರ್ಕ್ಸ್ ಅವರ ದಾರಿ ನಮ್ಮ ಹಳ್ಳಿಗೂ ಒಗ್ಗುತ್ತದೆ. ರಾಗಿಮುದ್ದೆ, ಸೊಪ್ಪಿನ ಸಾರು, ತೆಂಗಿನ ತೋಟದ ಸುತ್ತಿನ ನಡಿಗೆ ಇವೇ ಅದರ ಪಾಠಗಳಾಗಬೇಕು.

ಕಳೆದ ಸಲ ಹೋದಾಗ ಚಿಕ್ಕಮ್ಮನಿಗೆ ಇಷ್ಟನ್ನೂ ಹೇಳಿದೆ. "ನಾನು ಹೋದ ಮೇಲೆ ಇವನ ಗತಿ ಏನಪ್ಪಾ ಅನ್ನೋದೊಂದೇ ನಂಗೆ ಯೋಚನೆ" ಎಂದರು. ಮಾರನೆಯ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು, ಬ್ರಶ್ಶನ್ನು ಅವನ ಕೈಗೇ ಕೊಟ್ಟರು. ಪೇಸ್ಟೆಲ್ಲ ಅಂಗಿಯ ಮೇಲೆ ಸೋರಿತು. ಅವನು ಉಜ್ಜಿ ಮುಗಿಸುವವರೆಗೂ ಚಿಕ್ಕಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು.