ಯಾಯಾ ಟೂರೆ ಬಾರ್ಸಿಲೋನಾ ಬಿಟ್ಟದ್ದು ಸರಿಯೇ?

2010ರ ಜುಲೈ ಆರಂಭದಲ್ಲಿ ಐವರಿ ಕೋಸ್ಟ್‌ನ ಮಿಡ್‌ಫೀಲ್ಡರ್ ಯಾಯಾ ಟೂರೆ ಬಾರ್ಸಿಲೋನಾ ಕ್ಲಬ್ ತೊರೆದು ಮ್ಯಾಂಚೆಸ್ಟರ್ ಸಿಟಿ ಸೇರಿದರು. ಆಗ ಅವರಿಗೆ 27 ವರ್ಷ. ಬಿಟ್ಟದ್ದು ಹಿಂದಿನ ವರ್ಷ ಆರು ಪ್ರಶಸ್ತಿಗಳನ್ನು ಬಾಚಿಕೊಂಡಿದ್ದ ತಂಡವನ್ನು. ಸೇರಿದ್ದು 1976ರಿಂದ ಒಂದೂ ದೊಡ್ಡ ಕಪ್ ಎತ್ತದ ತಂಡವನ್ನು. ವಾರಕ್ಕೆ ಎರಡು ಲಕ್ಷ ಪೌಂಡ್‌ಗೂ ಮೀರಿದ ಸಂಬಳ ಎಂದು ಪತ್ರಿಕೆಗಳು ಬರೆದವು. ಆ ನಿರ್ಧಾರ ಸರಿಯೇ ತಪ್ಪೇ ಎಂಬ ಚರ್ಚೆ ಫುಟ್‌ಬಾಲ್ ಪ್ರೇಮಿಗಳ ನಡುವೆ ಇನ್ನೂ ಮುಗಿದಿಲ್ಲ. ಪರ, ವಿರೋಧದ ಎರಡು ದನಿಗಳು ಇಲ್ಲಿವೆ.

ಪರ: ಬಾಗಿಲು ಕಾಯುತ್ತಲೇ ಇರಬೇಕಿತ್ತೇ?

ಯಾಯಾ ಹಣದ ಹಿಂದೆ ಹೋದರು ಎನ್ನುವವರು ಮೊದಲು ಅವರು ನಡೆದು ಬಂದ ದಾರಿಯನ್ನು ನೋಡಬೇಕು. ಹುಟ್ಟಿದ್ದು 1983ರ ಮೇ 13ರಂದು, ಬುವಾಕೆ ನಗರದಲ್ಲಿ. ಆಟ ಕಲಿತದ್ದು ಅಬಿಜಾನ್‌ನ ಅಸೆಕ್ ಮಿಮೋಸಾಸ್ ಕ್ಲಬ್ಬಿನ ಅಕಾಡೆಮಿಯಲ್ಲಿ. ಫ್ರಾನ್ಸಿನ ಜಾನ್-ಮಾರ್ಕ್ ಗಿಯು ಕಟ್ಟಿದ ಆ ಅಕಾಡೆಮಿಯಲ್ಲಿ ಹುಡುಗರು ಮೊದಲು ಬರಿಗಾಲಿನಲ್ಲೇ ಚೆಂಡನ್ನು ಪಳಗಿಸಬೇಕಿತ್ತು. ಬೂಟು ಆಮೇಲಿನ ಮಾತು. ಅಲ್ಲಿಂದ 2001ರಲ್ಲಿ ಬೆಲ್ಜಿಯಂನ ಬೆವರೆನ್‌ಗೆ ಹೋದರು. ಗಿಯು ಅವರ ಹಿಡಿತದಲ್ಲಿದ್ದ ಆ ಚಿಕ್ಕ ಕ್ಲಬ್ಬಿನ ತಂಡದ ತುಂಬ ಐವರಿ ಕೋಸ್ಟ್‌ನ ಹುಡುಗರೇ ಇದ್ದರು. 2003ರಲ್ಲಿ ಅಣ್ಣ ಕೋಲೊ ಆಡುತ್ತಿದ್ದ ಆರ್ಸೆನಲ್‌ಗೆ ಟ್ರಯಲ್‌ಗಾಗಿ ಬಂದು, ಬಾರ್ನೆಟ್ ವಿರುದ್ಧ ಒಂದು ಅಭ್ಯಾಸ ಪಂದ್ಯವನ್ನೂ ಆಡಿದರು. ಆ ದಿನದ ಆಟ ಯಾರ ಕಣ್ಣಿಗೂ ಹತ್ತಲಿಲ್ಲ, ಇಂಗ್ಲೆಂಡಿನ ಕೆಲಸದ ಪರವಾನಗಿಯೂ ಕೈಗೆಟುಕುವಂತಿರಲಿಲ್ಲ. ಅಣ್ಣನ ಮನೆಯ ಬಾಗಿಲವರೆಗೆ ಬಂದು ಹಿಂತಿರುಗಿದ ತಮ್ಮ ಹೋದದ್ದು ಯುಕ್ರೇನಿನ ಡೊನೆಟ್ಸ್ಕ್‌ಗೆ. ಆಮೇಲೆ ಗ್ರೀಸಿನ ಒಲಿಂಪಿಯಾಕೋಸ್, ಆಮೇಲೆ ಮೊನಾಕೊ. 2007ರಲ್ಲಿ ಬಾರ್ಸಿಲೋನಾ ಮುಟ್ಟುವ ಹೊತ್ತಿಗೆ ಆರು ವರ್ಷಗಳಲ್ಲಿ ನಾಲ್ಕು ದೇಶಗಳ ನೀರು ಕುಡಿದಾಗಿತ್ತು. ಇಂಥ ದಾರಿಯಲ್ಲಿ ಬಂದವನು ತನ್ನ ಬೆಲೆಯನ್ನು ತಾನೇ ಹೇಳಿದರೆ ಅದನ್ನು ದುರಾಸೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆ ವರ್ಷಗಳಲ್ಲಿ ದೊಡ್ಡ ಸಂಬಳಕ್ಕಾಗಿ ಕ್ಲಬ್ ಬದಲಿಸಿದ ಯುರೋಪಿನ ಆಟಗಾರರ ಬಗ್ಗೆ ಇಷ್ಟು ದೀರ್ಘವಾದ ವಿಚಾರಣೆ ನಡೆಯಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಬಾರ್ಸಿಲೋನಾದಲ್ಲಿ ಅವರಿಗೆ ಸಿಕ್ಕ ಕೆಲಸವಾದರೂ ಎಂಥದು? ರಕ್ಷಣಾ ಸಾಲಿನ ಮುಂದೆ ನಿಲ್ಲುವುದು, ಎದುರಾಳಿಯ ಚೆಂಡನ್ನು ಕಿತ್ತು, ಆಟ ಕಟ್ಟುವ ಮಿಡ್‌ಫೀಲ್ಡರ್‌ಗಳಾದ ಶಾವಿಗೋ ಇನಿಯೆಸ್ತಾಗೋ ಒಪ್ಪಿಸುವುದು. ಮನೆಯೊಳಗೆ ಹಬ್ಬ ನಡೆಯುತ್ತಿರುವಾಗ ಬಾಗಿಲು ಕಾಯುವ ಕೆಲಸ ಅದು. 2008ರಲ್ಲಿ ಗಾರ್ಡಿಯೋಲಾ ಕೋಚ್ ಆದ ಮೇಲೆ ಆ ಜಾಗಕ್ಕೂ ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಸೆರ್ಜಿಯೊ ಬುಸ್ಕೆಟ್ಸ್ ಬಂದರು. ಬುಸ್ಕೆಟ್ಸ್ ಅಸಾಮಾನ್ಯ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ 27ರ ಹರೆಯದಲ್ಲಿ, ಮೈಯಲ್ಲಿ ಆಟ ಉಕ್ಕುತ್ತಿರುವಾಗ, ಬೆಂಚಿನ ಮೇಲೆ ಕುಳಿತು ಇನ್ನೊಬ್ಬರು ಗೆದ್ದ ಕಪ್ಪುಗಳನ್ನು ಎಣಿಸುತ್ತ ಇರು ಎಂದು ಯಾರಿಗಾದರೂ ಹೇಳುವುದು ನ್ಯಾಯವೇ?

ಮ್ಯಾಂಚೆಸ್ಟರ್ ಅವರಿಗೆ ಮೈದಾನವನ್ನೇ ಬಿಟ್ಟುಕೊಟ್ಟಿತು. ಅಣ್ಣ ಕೋಲೊ ಒಂದು ವರ್ಷ ಮೊದಲೇ ಅಲ್ಲಿಗೆ ಬಂದಿದ್ದರು. ಕೋಚ್ ರಾಬರ್ಟೊ ಮಾಂಚಿನಿ ಯಾಯಾ ಅವರನ್ನು ಮುಂದಕ್ಕೆ ತಳ್ಳಿದರು. 2011ರ ಏಪ್ರಿಲ್ 16ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡಿನ ಹಳೆಯ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ಸೆಮಿಫೈನಲ್. ಎದುರಿಗೆ ಊರಿನ ದೊಡ್ಡಣ್ಣ ಮ್ಯಾಂಚೆಸ್ಟರ್ ಯುನೈಟೆಡ್. ಮೈಕೆಲ್ ಕ್ಯಾರಿಕ್ ಕೊಟ್ಟ ಅಜಾಗರೂಕ ಪಾಸ್ ಯಾಯಾ ಅವರ ಕಾಲಿಗೆ ಸಿಕ್ಕಿತು. ನಾಲ್ಕು ಹೆಜ್ಜೆ ಓಡಿ, ವಿದಿಚ್‌ರನ್ನು ದಾಟಿ, ಗೋಲ್‌ಕೀಪರ್ ವಾನ್ ಡೆರ್ ಸಾರ್ ಅವರ ಕಾಲುಗಳ ನಡುವೆಯೇ ಚೆಂಡನ್ನು ನುಗ್ಗಿಸಿದರು. ಪಂದ್ಯದ ಏಕೈಕ ಗೋಲು ಅದು. ಮೇ 14ರಂದು ಸ್ಟೋಕ್ ಸಿಟಿ ವಿರುದ್ಧದ ಫೈನಲ್‌ನಲ್ಲೂ ಒಂದೇ ಗೋಲು, ಮತ್ತೆ ಯಾಯಾ ಅವರದೇ, 74ನೇ ನಿಮಿಷದಲ್ಲಿ ಎಡಗಾಲಿನಿಂದ. ಸಿಟಿ ಕಪ್ ಗೆಲ್ಲದ ವರ್ಷಗಳನ್ನು ಎಣಿಸುತ್ತ ಯುನೈಟೆಡ್ ಅಭಿಮಾನಿಗಳು ತಮ್ಮ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಒಂದು ಬ್ಯಾನರ್ ಕಟ್ಟಿದ್ದರು. ವರ್ಷ ಉರುಳಿದಂತೆ ಅದರ ಅಂಕಿಯನ್ನೂ ಬದಲಿಸುತ್ತಿದ್ದರು. 35ಕ್ಕೆ ಬಂದು ನಿಂತಿದ್ದ ಆ ಬ್ಯಾನರನ್ನು ಇಳಿಸಿದ್ದು ಬುವಾಕೆಯ ಈ ಕಾಲುಗಳು.

ಮರುವರ್ಷ ಲೀಗ್ ಪ್ರಶಸ್ತಿ. ಅಗ್ವೆರೊ ಕೊನೆಯ ಗಳಿಗೆಯಲ್ಲಿ ಹೊಡೆದ ಗೋಲು ಎಲ್ಲರಿಗೂ ನೆನಪಿದೆ. ಅದಕ್ಕೆ ಒಂದು ವಾರ ಮೊದಲು, 2012ರ ಮೇ 6ರಂದು, ನ್ಯೂಕ್ಯಾಸಲ್‌ನಲ್ಲಿ ನಡೆದದ್ದನ್ನು ಕಡಿಮೆ ಜನ ನೆನೆಯುತ್ತಾರೆ. ಗೋಲಿಲ್ಲದೆ ಒಂದು ಗಂಟೆ ಕಳೆದಿತ್ತು. ಮಾಂಚಿನಿ ಡಿ ಯಾಂಗ್ ಅವರನ್ನು ಬದಲಿಯಾಗಿ ಮೈದಾನಕ್ಕಿಳಿಸಿ, ಹಿಂದಿನ ಕಾವಲನ್ನು ಅವರಿಗೆ ಒಪ್ಪಿಸಿ, ಯಾಯಾ ಅವರನ್ನು ಮುಂದಕ್ಕೆ ಕಳುಹಿಸಿದರು. ಎರಡು ಗೋಲು, ಪಂದ್ಯ ಸಿಟಿಯದು. ಬಾರ್ಸಿಲೋನಾ ಬಾಗಿಲಲ್ಲಿ ನಿಲ್ಲಿಸಿದ್ದವರನ್ನು ಒಳಗೆ ಕರೆದರೆ ಏನಾಗುತ್ತದೆ ಎಂದು ಆ ಅರ್ಧ ಗಂಟೆ ತೋರಿಸಿತು. 2013-14ರಲ್ಲಿ ಅವರು ಲೀಗ್ ಒಂದರಲ್ಲೇ 20 ಗೋಲು ಹೊಡೆದರು. ಅದಕ್ಕೆ ಮೊದಲು ಪ್ರೀಮಿಯರ್ ಲೀಗ್‌ನ ಒಂದು ಋತುವಿನಲ್ಲಿ ಅಷ್ಟು ಗೋಲು ಗಳಿಸಿದ್ದ ಮಿಡ್‌ಫೀಲ್ಡರ್ ಫ್ರ್ಯಾಂಕ್ ಲ್ಯಾಂಪಾರ್ಡ್ ಒಬ್ಬರೇ. 2011ರಿಂದ 2014ರವರೆಗೆ ಸತತ ನಾಲ್ಕು ವರ್ಷ ಆಫ್ರಿಕಾದ ವರ್ಷದ ಆಟಗಾರ ಎಂಬ ಗೌರವ ಸಂದಿತು. ಅವುಗಳಲ್ಲಿ ಒಂದೂ ಬಾರ್ಸಿಲೋನಾದಲ್ಲಿದ್ದಾಗ ಬಂದದ್ದಲ್ಲ.

ವಿರೋಧ: ಕಾಲಿನ ಬಲ ಕಂಡವರಿಗೆ ಕಣ್ಣು ಕಾಣಲಿಲ್ಲ

ಹಣದ ಮಾತನ್ನು ನಾನು ಮೊದಲೇ ಬಿಟ್ಟುಕೊಡುತ್ತೇನೆ. ಬೆವರಿಗೆ ತಕ್ಕ ಕೂಲಿ ಕೇಳಿದ್ದು ತಪ್ಪಲ್ಲ. ನನ್ನ ತಕರಾರು ಇರುವುದು ಆಟದ ಬಗ್ಗೆ.

ಬಾರ್ಸಿಲೋನಾ ಅವರ ಕಾಲು ಕಟ್ಟಿಹಾಕಿತ್ತು ಎಂಬ ಮಾತು ಅರ್ಧ ಸತ್ಯ. 2009ರ ಮೇ 13ರಂದು, ಅವರ 26ನೇ ಹುಟ್ಟುಹಬ್ಬದ ದಿನ, ವೆಲೆನ್ಸಿಯಾದಲ್ಲಿ ಸ್ಪೇನಿನ ನಾಕೌಟ್ ಟೂರ್ನಿ ಕೋಪಾ ಡೆಲ್ ರೇ ಫೈನಲ್ ನಡೆಯಿತು. ಅಥ್ಲೆಟಿಕ್ ಬಿಲ್ಬಾವೊ ಮುಂದಿತ್ತು. ಯಾಯಾ ಚೆಂಡನ್ನು ಒಬ್ಬರೇ ಹೊತ್ತೊಯ್ದು ದೂರದಿಂದ ಹೊಡೆದು ಸಮ ಮಾಡಿದರು. ತಂಡ 4-1ರಿಂದ ಗೆದ್ದಿತು. ಮ್ಯಾಂಚೆಸ್ಟರ್ ಕಂಡುಹಿಡಿಯಿತು ಎನ್ನುವ ಓಟ ಅಲ್ಲಿಯೂ ಇತ್ತು.

ಎರಡು ವಾರಗಳ ನಂತರ, ಮೇ 27ರಂದು, ರೋಮ್‌ನಲ್ಲಿ ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಫೈನಲ್. ನಮ್ಮಲ್ಲಿ ಆಗ ನಡುರಾತ್ರಿ ಕಳೆದು ಕಾಲು ಗಂಟೆ. ಆಲ್ವೆಸ್, ಅಬಿದಾಲ್ ಇಬ್ಬರಿಗೂ ಆಡಲು ನಿಷೇಧ, ಮಾರ್ಕೆಸ್‌ಗೆ ಗಾಯ. ಹೀಗೆ ರಕ್ಷಣಾ ಸಾಲು ಹರಿದುಹೋಗಿತ್ತು. ಆ ಸಾಲಿನ ನಡುವೆ, ಪಿಕೆ ಪಕ್ಕದಲ್ಲಿ, ಯಾಯಾ ನಿಂತರು. ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ನ ರೊನಾಲ್ಡೊ, ರೂನಿ. ಆಮೇಲೆ ತೆವೆಸ್, ಬೆರ್ಬಟೋವ್. ಮೊದಲ ಹತ್ತು ನಿಮಿಷ ಯುನೈಟೆಡ್ ಅಲೆಅಲೆಯಾಗಿ ಬಂತು. ಯಾಯಾ ಯಾರನ್ನೂ ಗುದ್ದಿ ಕೆಡವುವ ಆಟ ಆಡಲಿಲ್ಲ. ಚೆಂಡು ಎಲ್ಲಿಗೆ ಬರುತ್ತದೆ ಎಂದು ಮೊದಲೇ ಅರಿತು ಅಲ್ಲಿ ಹೋಗಿ ನಿಲ್ಲುವ ಆಟ ಆಡಿದರು. ಬಾರ್ಸಿಲೋನಾ ಒಂದೂ ಗೋಲು ಬಿಟ್ಟುಕೊಡದೆ 2-0ಯಿಂದ ಗೆದ್ದಿತು. ನನ್ನ ಮಟ್ಟಿಗೆ ಯಾಯಾ ಟೂರೆ ಎಂದರೆ ಆ ರಾತ್ರಿಯ ಆಟಗಾರ. ಅದನ್ನು ಬಾಗಿಲು ಕಾಯುವುದು ಎಂದು ಕರೆಯುವವರು ಆ ಜಾಗದ ಕಷ್ಟವನ್ನು ಅರಿಯದೆ ಮಾತನಾಡುತ್ತಿದ್ದಾರೆ. ಫುಟ್‌ಬಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬುದ್ಧಿ ಬೇಡುವ ಜಾಗ ಅದು. ಒಂದು ಹೆಜ್ಜೆ ತಪ್ಪಿದರೂ ಇಡೀ ತಂಡ ಬಯಲಾಗುತ್ತದೆ.

ಇಲ್ಲಿಯೇ ನನ್ನ ನೋವು ಇರುವುದು. ಪಶ್ಚಿಮ ಆಫ್ರಿಕಾದ ಮಿಡ್‌ಫೀಲ್ಡರ್ ಎಂದರೆ ಯುರೋಪಿನ ಮಾತುಗಾರರಿಗೆ ಮೊದಲು ಕಾಣುವುದು ತೋಳು, ತೊಡೆ, ದಮ್ಮು. ಘಾನಾದ ಮೈಕೆಲ್ ಎಸಿಯನ್ ಅವರಂಥ ಜಾಣ ಆಟಗಾರನಿಗೂ ಅಂಟಿಸಿದ ಅಡ್ಡಹೆಸರು ಕಾಡುಕೋಣದ್ದು, ಬೈಸನ್ ಎಂದು. ಶಾವಿ, ಇನಿಯೆಸ್ತಾ ನಡುವೆ ನಿಂತು ಅವರದೇ ಭಾಷೆಯಲ್ಲಿ ಚೆಂಡನ್ನು ಮಾತನಾಡಿಸುತ್ತಿದ್ದ ಯಾಯಾ ಈ ಹಳೆಯ ಪೂರ್ವಗ್ರಹಕ್ಕೆ ಜೀವಂತ ಉತ್ತರವಾಗಿದ್ದರು. ಇಂಗ್ಲೆಂಡಿಗೆ ಹೋದ ಮೇಲೆ ಜನ ಕೊಂಡಾಡಿದ್ದು ಆ ಐವತ್ತು ಗಜದ ನುಗ್ಗಾಟವನ್ನು. ಓಟ ಸುಂದರವಾಗಿತ್ತು, ಅಲ್ಲಗಳೆಯುವುದಿಲ್ಲ. ಲೀಗ್ ಕಪ್ ಫೈನಲ್‌ನಲ್ಲಿ ಸಂಡರ್‌ಲೆಂಡ್ ವಿರುದ್ಧ ದೂರದಿಂದ ಬಾಗಿಸಿ ಹೊಡೆದ ಗೋಲು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅವರ ಪಾಸ್, ಅವರ ಕಾಯುವಿಕೆ, ಅವರು ಆಟದ ವೇಗವನ್ನು ಒಂದು ಸ್ಪರ್ಶದಲ್ಲಿ ಇಳಿಸುತ್ತಿದ್ದ ರೀತಿ, ಇವೆಲ್ಲ ಹೊಗಳಿಕೆಯ ಪಟ್ಟಿಯಿಂದ ಜಾರಿಹೋದವು. 20 ಗೋಲಿನ ಆ ವರ್ಷವೂ ಇಂಗ್ಲೆಂಡಿನ ಫುಟ್‌ಬಾಲ್ ಪತ್ರಕರ್ತರು ಮತ ಹಾಕಿ ಆರಿಸುವ ಪ್ರಶಸ್ತಿಯಲ್ಲಿ ಅವರಿಗೆ ಸಿಕ್ಕಿದ್ದು ಸ್ವಾರೆಸ್, ಜೆರಾರ್ಡ್ ನಂತರದ ಮೂರನೇ ಸ್ಥಾನ. ತನಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ ಎಂದು ಅವರೇ ನೊಂದು ಹೇಳಿಕೊಂಡರು. ಆ ನೋವು ನಿಜವಾದದ್ದು. ಅದನ್ನು ಹೋಗಲಾಡಿಸಲು ದೊಡ್ಡ ಸಂಬಳದಿಂದ ಆಗಲಿಲ್ಲ.

ಕಪ್ಪುಗಳ ಲೆಕ್ಕ ಬೇಕೆಂದರೆ ಅದನ್ನೂ ನೋಡೋಣ. ಯಾಯಾ ಇದ್ದ ಎಂಟು ಋತುಗಳಲ್ಲಿ ಸಿಟಿ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ಮುಟ್ಟಿದ್ದು 2016ರಲ್ಲಿ ಒಮ್ಮೆ ಮಾತ್ರ. 2014ರಲ್ಲೂ 2015ರಲ್ಲೂ ಅವರನ್ನು ಟೂರ್ನಿಯಿಂದ ಹೊರಗೆ ಕಳುಹಿಸಿದ್ದು ಬಾರ್ಸಿಲೋನಾ. 2016ರಲ್ಲಿ ಗಾರ್ಡಿಯೋಲಾ ಸಿಟಿಗೇ ಕೋಚ್ ಆಗಿ ಬಂದರು. ಚಾಂಪಿಯನ್ಸ್ ಲೀಗ್ ಆಟಗಾರರ ಪಟ್ಟಿಯಿಂದ ಯಾಯಾ ಹೆಸರು ಬಿಟ್ಟುಹೋಯಿತು. ಏಜೆಂಟ್ ಆಡಿದ ಮಾತು ಜಗಳವಾಯಿತು. ನವೆಂಬರ್‌ನಲ್ಲಿ ಯಾಯಾ ಕ್ಷಮೆ ಕೋರಿದ ಮೇಲೆಯೇ ಮತ್ತೆ ಮೈದಾನ ಸಿಕ್ಕಿತು. ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಮರಳಿದ ದಿನವೇ ಎರಡು ಗೋಲು ಹೊಡೆದು ತಂಡವನ್ನು ಗೆಲ್ಲಿಸಿದರು, ಎಂಥ ಆಟಗಾರ! ಆದರೆ 2010ರಲ್ಲಿ ಇತ್ಯರ್ಥವಾಗದೆ ಉಳಿದ ವ್ಯಾಜ್ಯ ಆರು ವರ್ಷಗಳ ನಂತರ ಮನೆ ಹುಡುಕಿಕೊಂಡು ಬಂದಿತ್ತು, ಅಷ್ಟರಲ್ಲಿ ವಯಸ್ಸು 33 ದಾಟಿತ್ತು.

ಅವರ ದೇಶದ ಜನ ಎಂದಿಗೂ ಮರೆಯದ ಗೆಲುವು ಬಂದದ್ದೂ ಒಬ್ಬಂಟಿ ಓಟದಿಂದಲ್ಲ. 2015ರ ಫೆಬ್ರುವರಿ 8ರಂದು ಈಕ್ವಟೋರಿಯಲ್ ಗಿನಿಯ ಬಾಟಾದಲ್ಲಿ ಆಫ್ರಿಕಾ ಕಪ್ ಆಫ್ ನೇಷನ್ಸ್ ಫೈನಲ್, ಎದುರಾಳಿ ಘಾನಾ. 120 ನಿಮಿಷ ಗೋಲಿಲ್ಲ. ಶೂಟೌಟ್‌ನಲ್ಲಿ ಐವರಿ ಕೋಸ್ಟ್ ಮೊದಲ ಎರಡು ಹೊಡೆತಗಳನ್ನು ಕಳೆದುಕೊಂಡಿತು. ನಾಯಕ ಯಾಯಾ ತಮ್ಮ ಹೊಡೆತವನ್ನು ಗೋಲಾಗಿಸಿದರು, ಅಣ್ಣ ಕೋಲೊ ಕೂಡ. ಕೊನೆಗೆ ಗೋಲ್‌ಕೀಪರ್ ಬೂಬಕರ್ ಬಾರಿ ತಾವೇ ಚೆಂಡು ಇಟ್ಟು ಹೊಡೆದು 9-8ಕ್ಕೆ ಮುಗಿಸಿದರು. 2006ರಲ್ಲೂ 2012ರಲ್ಲೂ ಫೈನಲ್‌ನಲ್ಲಿ ಶೂಟೌಟ್ ಸೋತಿದ್ದ ತಂಡ ಅದು. ಆ ಟೂರ್ನಿಯಲ್ಲಿ ಯಾಯಾ ಮಾಡಿದ್ದು ತಂಡವನ್ನು ಹಿಡಿದು ನಿಲ್ಲಿಸುವ ಕೆಲಸ, ಬಾರ್ಸಿಲೋನಾದಲ್ಲಿ ಕಲಿತ ಕೆಲಸ.

ಉಳಿದಿದ್ದರೆ ಬೆಂಚೇ ಗತಿಯಾಗುತ್ತಿತ್ತು ಎನ್ನುವವರಿಗೆ ಮಾಲಿ ದೇಶದ ಸೇಯ್ದು ಕೇಟಾ ಅವರನ್ನು ತೋರಿಸುತ್ತೇನೆ. ಅದೇ ತಂಡ, ಅದೇ ಕೋಚ್, ಅದೇ ಪೈಪೋಟಿ. ಕೇಟಾ 2012ರವರೆಗೆ ಅಲ್ಲಿಯೇ ಇದ್ದರು. ಎಷ್ಟೋ ಪಂದ್ಯಗಳಲ್ಲಿ ಬದಲಿಯಾಗಿ ಇಳಿದರು. ಗೌರವ ಕುಗ್ಗಲಿಲ್ಲ. ಆ ವರ್ಷದ ಆಫ್ರಿಕಾ ಕಪ್‌ನಲ್ಲಿ ಆತಿಥೇಯ ಗಬಾನ್ ವಿರುದ್ಧ ಗೆಲುವಿನ ಪೆನಾಲ್ಟಿ ಹೊಡೆದು, ಹೊತ್ತಿ ಉರಿಯುತ್ತಿದ್ದ ತಮ್ಮ ದೇಶದಲ್ಲಿ ಶಾಂತಿ ನೆಲೆಸಲೆಂದು ಕಣ್ಣೀರಿಡುತ್ತ ಬೇಡಿಕೊಂಡಾಗ ಇಡೀ ಖಂಡ ಅವರ ಮಾತು ಕೇಳಿತು.

2011ರ ಮೇ 14ರಂದು ಯಾಯಾ ವೆಂಬ್ಲಿಯಲ್ಲಿ ಕಪ್ ಎತ್ತಿದರು. ಸರಿಯಾಗಿ ಎರಡು ವಾರಗಳ ನಂತರ, ಅದೇ ಹುಲ್ಲಿನ ಮೇಲೆ, ಬಾರ್ಸಿಲೋನಾ ಯುನೈಟೆಡ್ ತಂಡವನ್ನು 3-1ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆಯಿತು. ಅಂಥ ಆಟವನ್ನು ನಾನು ಮತ್ತೆ ನೋಡಿಲ್ಲ. ಪಂದ್ಯದ ಕೊನೆಯ ನಿಮಿಷಗಳಲ್ಲಿ ಕೇಟಾ ಬದಲಿಯಾಗಿ ಮೈದಾನಕ್ಕೆ ಓಡಿ ಬಂದರು. ನನ್ನ ಕಣ್ಣು ಅವರ ಹಿಂದೆ ಇನ್ನೊಬ್ಬರನ್ನು ಹುಡುಕುತ್ತಿತ್ತು.